ಬೇಳೆ ಬೇಯದ ನೀರಲ್ಲಿ ನೊರೆಯೂ ಏಳದು: ಒಳ್ಳೆಯ ಶೇವಿಂಗ್ ಸೋಪು ಆರಿಸುವ ಬಗೆ

ನಮ್ಮ ಬೀದಿಗೆ ಕಾವೇರಿ ನೀರು ಸರಿಯಾಗಿ ಬಾರದಿದ್ದ ಒಂದು ಬೇಸಿಗೆಯಲ್ಲಿ ದುಬಾರಿ ಶೇವಿಂಗ್ ಸೋಪೊಂದನ್ನು ಕಿಟಕಿಯಾಚೆ ಎಸೆಯುವುದೊಂದೇ ಬಾಕಿ ಇತ್ತು. ಲಂಡನ್ನಿನಲ್ಲಿರುವ ಗೆಳೆಯ ತಂದುಕೊಟ್ಟ ಸೋಪು ಅದು. ಮರದ ಬಟ್ಟಲು, ಒಳಗೆ ದಂತದ ಬಣ್ಣದ ಗಟ್ಟಿ ಬಿಲ್ಲೆ. ಮೊದಲ ಎರಡು ತಿಂಗಳು ಕೆನೆಯಂಥ ನೊರೆ ಕೊಟ್ಟದ್ದು ಏಪ್ರಿಲ್ ಬಂದದ್ದೇ ಕೈಕೊಟ್ಟಿತು. ಬ್ರಷ್ಷನ್ನು ಎಷ್ಟು ತಿರುವಿದರೂ ಬೂದುಬಣ್ಣದ ತೆಳು ಗುಳ್ಳೆಗಳು. ಕೆನ್ನೆಗೆ ಹಚ್ಚುವಷ್ಟರಲ್ಲಿ ಅವೂ ಒಡೆದುಹೋಗುತ್ತಿದ್ದವು. ಬ್ಲೇಡು ಎಳೆದರೆ ಚರ್ಮ ಚುರ್ ಅನ್ನುತ್ತಿತ್ತು. ಅದೇ ವಾರ ಅಡುಗೆಮನೆಯಲ್ಲಿ ಅಮ್ಮನ ದೂರು: ಎರಡು ಸೀಟಿ ಹೆಚ್ಚು ಕೂಗಿಸಿದರೂ ತೊಗರಿಬೇಳೆ ಬೇಯುತ್ತಿಲ್ಲ. ಆಗ ಹೊಳೆಯಿತು. ಸಂಪಿಗೆ ತುಂಬುತ್ತಿದ್ದದ್ದು ಟ್ಯಾಂಕರಿನ ನೀರು, ಆಳದ ಬೋರ್‌ವೆಲ್‌ನ ಗಡಸು ನೀರು. ಮರುದಿನ ಬೆಳಿಗ್ಗೆ ಅರ್ಧ ಲೋಟ ಕುಡಿಯುವ ಆರ್‌ಓ ನೀರನ್ನು ಬಚ್ಚಲಿಗೆ ಒಯ್ದೆ. ಅದೇ ಸೋಪು, ಅದೇ ಬ್ರಷ್ಷು. ನೊರೆ ಗಟ್ಟಿ ಮೊಸರಿನ ಹಾಗೆ ಎದ್ದು ನಿಂತಿತು.

ಅಂದಿನಿಂದ ಯಾರು ಯಾವ ಸೋಪು ಕೊಳ್ಳಲಿ ಎಂದು ಕೇಳಿದರೂ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಮನೆ ನೀರಲ್ಲಿ ಬೇಳೆ ಬೇಯುತ್ತದೆಯೇ? ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನ ಆಮ್ಲದ ಜೊತೆ ಕೂಡಿ ನೀರಿನಲ್ಲಿ ಕರಗದ ಜಿಗುಟಾಗುತ್ತವೆ. ಬಕೆಟ್ಟಿನ ಅಂಚಿಗೆ ಮೆತ್ತಿಕೊಳ್ಳುವ ಬೂದು ಪದರ ಅದೇ. ಸೋಪಿನ ಒಂದು ಪಾಲು ನೊರೆಯಾಗುವ ಮೊದಲೇ ಹೀಗೆ ವ್ಯರ್ಥವಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹ ಎನ್ನುತ್ತದೆ. ಬೇರೆ ನೀರೇ ಸಿಗದ ಕಡೆ 600ರ ತನಕ ಒಪ್ಪುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರು ಕುಡಿದವರಿಗೆ ಈ ಅಂತರ ನಾಲಿಗೆಯಲ್ಲೇ ಗೊತ್ತು. ಮಲೆನಾಡಿನ ಬಾವಿ ನೀರಿನವರಿಗೆ ಈ ಚಿಂತೆ ಅಷ್ಟಾಗಿ ಇಲ್ಲ.

ಪರೀಕ್ಷೆ ಸುಲಭ. ಒಂದೇ ಅಳತೆಯ ಎರಡು ಸಣ್ಣ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಓ ನೀರು. ಎರಡಕ್ಕೂ ಒಂದೇ ಸೋಪಿನಿಂದ ಉಗುರಿನಷ್ಟು ಹೆರೆದು ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ. ನಲ್ಲಿ ನೀರಿನ ಬಾಟಲಿ ಹಾಲು ಒಡೆದ ಹಾಗೆ ಕದಡಿ, ನೊರೆ ಬೆರಳಗಲವೂ ಏರದೆ ಕೂತರೆ ನಿಮಗೆ ಉತ್ತರ ಸಿಕ್ಕಿತು. ಒಂದು ಕ್ಷೌರಕ್ಕೆ ನೊರೆ ಕಟ್ಟಲು ಬೇಕಾಗುವ ನೀರು ಕೆಲವೇ ಚಮಚ. ಅಷ್ಟಕ್ಕೆ ಶುದ್ಧ ನೀರು ಬಳಸಿ, ಮುಖ ತೊಳೆಯಲು ಯಾವ ನೀರಾದರೂ ನಡೆಯುತ್ತದೆ.

ಇನ್ನು ಡಬ್ಬದ ವಿಚಾರ. ಡಬ್ಬದ ಮುಂಭಾಗದಲ್ಲಿ ಇರುವುದೆಲ್ಲ ಅಲಂಕಾರ. ಓದಬೇಕಾದ್ದು ಹಿಂಭಾಗದ ಸಣ್ಣ ಅಕ್ಷರ. ಅಲ್ಲಿ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ, ಹಾಗಾಗಿ ಮೊದಲ ನಾಲ್ಕೈದು ಹೆಸರು ನೋಡಿದರೆ ಸೋಪಿನ ಜಾತಕವೇ ತಿಳಿಯುತ್ತದೆ. ನೋಡಬೇಕಾದ ಹೆಸರು ಸ್ಟಿಯರಿಕ್ ಆಮ್ಲ ಅಥವಾ ಪೊಟ್ಯಾಸಿಯಂ ಸ್ಟಿಯರೇಟ್. ಕೊಬ್ಬನ್ನು ಸೋಡಿಯಂ ಕ್ಷಾರದಲ್ಲಿ ಬೇಯಿಸಿದರೆ ಗಟ್ಟಿ ಸೋಪು, ಪೊಟ್ಯಾಸಿಯಂ ಕ್ಷಾರದಲ್ಲಿ ಬೇಯಿಸಿದರೆ ಮೆದು ಸೋಪು. ಶೇವಿಂಗ್ ಸೋಪು ಮಾಡುವವರು ಎರಡನ್ನೂ ಬೆರೆಸುತ್ತಾರೆ: ಬೇಗ ನೀರು ಕುಡಿದು ನೊರೆಯಾಗಲು ಪೊಟ್ಯಾಸಿಯಂ, ಬಿಲ್ಲೆ ಬೇಗ ಸವೆಯದಿರಲು ಸೋಡಿಯಂ. ಸ್ಟಿಯರಿಕ್ ಆಮ್ಲ ನೊರೆಗೆ ದಪ್ಪ, ಬಾಳಿಕೆ ಕೊಡುತ್ತದೆ. ತೆಂಗಿನೆಣ್ಣೆ ಬೇಗ ಗುಳ್ಳೆ ಎಬ್ಬಿಸುತ್ತದೆ, ಆದರೆ ಪ್ರಮಾಣ ಮೀರಿದರೆ ಚರ್ಮ ಒಣಗಿಸುತ್ತದೆ. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ. ಇಷ್ಟು ಸರಿಯಿದ್ದರೆ ಸೋಪು ಸರಿಯಿದೆ ಎಂದೇ ಲೆಕ್ಕ. ಗಡಸು ನೀರಿನವರು ಪಟ್ಟಿಯ ಕೊನೆಯಲ್ಲಿ ಇಡಿಟಿಎ ಎಂಬ ಹೆಸರನ್ನೂ ಹುಡುಕಬಹುದು. ನೀರಿನ ಕ್ಯಾಲ್ಸಿಯಂ ಅನ್ನು ಅದು ಹಿಡಿದು ಕೂರಿಸುತ್ತದೆ.

ಮೈ ಸೋಪಿನಲ್ಲೇ ದಾಡಿ ಮಾಡಿಕೊಂಡರೆ ಏನು ಎಂದು ಕೇಳುವವರಿದ್ದಾರೆ. ಪ್ರವಾಸದಲ್ಲಿ ಒಮ್ಮೆ ನಾನೂ ಮಾಡಿಕೊಂಡೆ, ಸಂಜೆಯವರೆಗೂ ಕುತ್ತಿಗೆ ಉರಿಯಿತು. ಮೈ ಸೋಪು ಬಹುಪಾಲು ಸೋಡಿಯಂ ಸೋಪು. ಅದರ ಕೆಲಸ ಕೊಳೆ ಎತ್ತಿ ತೊಳೆದುಹೋಗುವುದು. ಶೇವಿಂಗ್ ಸೋಪಿನ ಕೆಲಸ ಹೋಗದೆ ನಿಲ್ಲುವುದು. ಗಡ್ಡದ ಕೂದಲನ್ನು ಮೆತ್ತಗೆ ಮಾಡುವುದು ನೀರೇ. ಎರಡು ಮೂರು ನಿಮಿಷ ನೀರು ಕುಡಿದ ಕೂದಲು ಒಣ ಕೂದಲಿಗಿಂತ ಬಹಳ ಸುಲಭವಾಗಿ ತುಂಡಾಗುತ್ತದೆ. ಆ ನೀರು ಆರದ ಹಾಗೆ ಕೂದಲ ಸುತ್ತ ಕಾಪಾಡುವುದು, ಬ್ಲೇಡಿಗೂ ಚರ್ಮಕ್ಕೂ ನಡುವೆ ಜಾರು ಪದರವಾಗಿ ನಿಲ್ಲುವುದು, ಇವೆರಡೇ ಒಳ್ಳೆಯ ನೊರೆಯ ಲಕ್ಷಣ.

ಸೋಪೋ ಕ್ರೀಮೋ ಎಂಬ ಪ್ರಶ್ನೆಗೆ ಬರೋಣ. ಕ್ರೀಮಿನಲ್ಲಿ ನೀರು ಮೊದಲೇ ಬೆರೆತಿರುತ್ತದೆ. ಹಾಗಾಗಿ ಹೊಸಬರ ಕೈಯಲ್ಲೂ ಬೇಗ ನೊರೆಯಾಗುತ್ತದೆ. ಗಟ್ಟಿ ಬಿಲ್ಲೆಯಲ್ಲಿ ಒಳ್ಳೆಯವು ಮೂರು ಸಲ ಅರೆದವು: ಸೋಪಿನ ಚೂರುಗಳನ್ನು ಉರುಳೆಗಳ ನಡುವೆ ಮತ್ತೆ ಮತ್ತೆ ಹಾಯಿಸಿ, ನೀರಿನಂಶ ಇಳಿಸಿ, ಕಲ್ಲಿನ ಹಾಗೆ ಒತ್ತಿರುತ್ತಾರೆ. ಅದು ತಿಂಗಳುಗಟ್ಟಲೆ ಸವೆಯುವುದಿಲ್ಲ, ಆದರೆ ಬ್ರಷ್ಷಿಗೆ ಸೋಪು ಹತ್ತಿಸುವ ತಾಳ್ಮೆ ಕೇಳುತ್ತದೆ. ಇವೆರಡರ ನಡುವೆ ಇಟಲಿಯವರ ಮೆದು ಸೋಪು ಇದೆ, ಬೆಲ್ಲದ ಮುದ್ದೆಯ ಹಾಗೆ ಬೆರಳೊತ್ತಿದರೆ ತಗ್ಗುವಂಥದ್ದು. ಡಬ್ಬಿ ಒತ್ತಿದರೆ ಬುಸ್ಸೆಂದು ಬರುವ ಫೋಮಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅದರ ಉಬ್ಬಿನಲ್ಲಿ ಅನಿಲವೇ ಹೆಚ್ಚು.

ಶೇವಿಂಗ್ ಸೋಪಿನ ಕಸುಬಿಗೆ ತವರು ಎನ್ನಬಹುದಾದ ಜಾಗ ಲಂಡನ್ನಿನ ಸೇಂಟ್ ಜೇಮ್ಸ್ ಮತ್ತು ಅದರ ಸುತ್ತಮುತ್ತಲಿನ ಕೆಲವೇ ಬೀದಿಗಳು. ಸೇಂಟ್ ಜೇಮ್ಸ್ ಸ್ಟ್ರೀಟಿನ ಡಿ.ಆರ್. ಹ್ಯಾರಿಸ್ 1790ರ ಔಷಧಿ ಅಂಗಡಿ. ಟ್ರೂಫಿಟ್ ಅಂಡ್ ಹಿಲ್ 1805ರಿಂದ ಕ್ಷೌರದ ಅಂಗಡಿ. ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್ 1854ರದು. ಹೆಸರಿನಲ್ಲಿ ಬಾಂಡ್ ಸ್ಟ್ರೀಟ್ ಇದ್ದರೂ ಅಂಗಡಿ ಇರುವುದು ಜರ್ಮಿನ್ ಸ್ಟ್ರೀಟಿನಲ್ಲಿ. ಪಿಕಡಿಲಿ ದಾಟಿ ಮೇಫೇರ್ ಹೊಕ್ಕರೆ ಕರ್ಜನ್ ಸ್ಟ್ರೀಟಿನಲ್ಲಿ 1875ರ ಜಿಯೋ ಎಫ್. ಟ್ರಂಪರ್. ಹಳೆಯ ಕ್ಷೌರಿಕರ, ಔಷಧಿ ಮಾರುವವರ ಕೈಯಲ್ಲಿ ಬೆಳೆದ ಹೆಸರುಗಳಿವು.

ಲಂಡನ್ನಿನ ನಲ್ಲಿ ನೀರು ಸುಣ್ಣಕಲ್ಲಿನ ನೆಲದ್ದು, ನಮ್ಮ ಬೋರ್‌ವೆಲ್ಲಿನಂತೆಯೇ ಗಡಸು. ಆ ಊರಿನ ಅಂಗಡಿಗಳ ಕ್ರೀಮುಗಳು ನಮ್ಮ ನೀರಿನಲ್ಲೂ ಹೊಂದಿಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ. ಮೊದಲ ಸಲ ಕೊಳ್ಳುವವರಿಗೆ ನನ್ನ ಶಿಫಾರಸು ಟೇಲರ್ ಅಥವಾ ಟ್ರೂಫಿಟ್‌ನ ಕ್ರೀಮು. ಟೇಲರ್‌ನ ಜರ್ಮಿನ್ ಸ್ಟ್ರೀಟ್ ಕ್ರೀಮು, ಟ್ರೂಫಿಟ್‌ನ ಅಲ್ಟಿಮೇಟ್ ಕಂಫರ್ಟ್ ಎರಡೂ ಸೂಕ್ಷ್ಮ ಚರ್ಮದವರಿಗೆಂದೇ ಮಾಡಿದವು. ಟ್ರಂಪರ್‌ನ ಗುಲಾಬಿ ಕ್ರೀಮಿನ ಪರಿಮಳ ನನಗೆ ಇವೆಲ್ಲಕ್ಕಿಂತ ಇಷ್ಟ. ಹ್ಯಾರಿಸ್‌ನ ಆರ್ಲಿಂಗ್ಟನ್ ಬಿಲ್ಲೆಯನ್ನು ಕೈ ಪಳಗಿದ ಮೇಲೆ ಕೊಳ್ಳಿ.

ಲಂಡನ್ನಿನ ಗಡಸು ನೀರಿಗೆ ಎದುರಾಗಿ ಯಾರ್ಕ್‌ಶೈರಿನ ಬ್ರ್ಯಾಡ್‌ಫರ್ಡ್ ಇದೆ. ಅದು ಉಣ್ಣೆಯ ಊರು. ಉಣ್ಣೆ ತೊಳೆಯಲು ಮೃದು ನೀರು ಬೇಕು, ಆ ಬೆಟ್ಟಸೀಮೆಯಲ್ಲಿ ಅದು ಧಾರಾಳ. ಮಿಚೆಲ್ಸ್ ವೂಲ್ ಫ್ಯಾಟ್ ಸೋಪು ಅಲ್ಲಿಯದು, ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್ ಬೆರೆಸಿದ್ದು. ಕ್ಷೌರವಾದ ಮೇಲೆ ಕೆನ್ನೆ ಮುಟ್ಟಿದರೆ ಬೆಣ್ಣೆ ಸವರಿದ ಹಾಗಿರುತ್ತದೆ, ಆ ಗುಣದಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೆ ಟ್ಯಾಂಕರ್ ನೀರಿನಲ್ಲಿ ಅದು ಮುನಿಸಿಕೊಂಡು ಕೂತುಬಿಡುತ್ತದೆ. ತೀರ್ಥಹಳ್ಳಿ ಕಡೆಯವರು ಕಣ್ಣುಮುಚ್ಚಿ ಕೊಳ್ಳಬಹುದು. ಕೋಲಾರದವರು ಆರ್‌ಓ ನೀರಿನ ಲೋಟ ಪಕ್ಕಕ್ಕಿಟ್ಟುಕೊಂಡೇ ಕೊಳ್ಳಬೇಕು.

ಇಟಲಿಯಲ್ಲಿ ಫ್ಲಾರೆನ್ಸಿನ ಮಾರ್ಟೆಲ್ಲಿ ಕುಟುಂಬದ ಪ್ರೊರಾಸೊ ಎಲ್ಲರಿಗೂ ಪರಿಚಿತ. ಹಸಿರು ಡಬ್ಬದ್ದರಲ್ಲಿ ನೀಲಗಿರಿ ಎಣ್ಣೆ, ಮೆಂಥಾಲ್. ರಾಯಚೂರಿನ ಮೇ ತಿಂಗಳಿಗೆ ಹೇಳಿ ಮಾಡಿಸಿದಂಥದ್ದು. ಬಿಳಿ ಡಬ್ಬದ್ದು ಸೂಕ್ಷ್ಮ ಚರ್ಮಕ್ಕೆ. ಬೆಲೆಯಲ್ಲಿ ಇದು ಐಷಾರಾಮಿ ಸಾಲಿಗೆ ಸೇರುವುದಿಲ್ಲ, ಗುಣದಲ್ಲಿ ಆ ಸಾಲಿನ ಅರ್ಧದಷ್ಟನ್ನು ಹಿಂದಿಕ್ಕುತ್ತದೆ. ಮಿಲಾನಿನ ಚೆಲ್ಲಾ 1899ರಷ್ಟು ಹಳೆಯದು, ಕಹಿ ಬಾದಾಮಿಯ ವಾಸನೆಯ ಮೆದು ಸೋಪು. ಅಲ್ಲಿನ ಕ್ಷೌರಿಕರಿಗಾಗಿ ಒಂದು ಕಿಲೋ ಇಟ್ಟಿಗೆಯಾಗಿಯೂ ಸಿಗುತ್ತದೆ. ಫ್ರಾನ್ಸಿನ ಲುವಾರ್ ಕಣಿವೆಯ ಮಾರ್ತಾಂ ದ ಕಾಂದ್ರ್ ಕೈಯಲ್ಲಿ ಮಾಡುವ ಸೋಪು, ಗಾಜಿನ ಭರಣಿಯಲ್ಲಿ ಬರುತ್ತದೆ. ಅದರ ಘಟಕಗಳ ಪಟ್ಟಿ ಓದುವುದೇ ಒಂದು ಸಂತೋಷ, ಅಷ್ಟು ಚಿಕ್ಕದು. ಒಂದೇ ಒಂದು ದುಬಾರಿ ಸೋಪು ಕೊಳ್ಳಲು ಮನಸ್ಸು ಮಾಡಿದವರಿಗೆ ನಾನು ಅದನ್ನೇ ಹೇಳುತ್ತೇನೆ.

ಈಗ ನಮ್ಮ ಮೂಗಿಗೆ ಹತ್ತಿರದ ಮಾತು, ಗಂಧ. ಇಂಗ್ಲಿಷ್ ಅಂಗಡಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ‘ಸ್ಯಾಂಡಲ್‌ವುಡ್’ ಎಂಬ ಕ್ರೀಮು ಮಾರುತ್ತಾರೆ. ಸಾಣೆಕಲ್ಲಿನ ಮೇಲೆ ಕೊರಡು ತೇದು, ಹಸಿ ಗಂಧವನ್ನು ಮೂಸಿ ಬೆಳೆದ ಕನ್ನಡಿಗ ಆ ಡಬ್ಬ ತೆರೆದರೆ ಮೊದಲು ಕಕ್ಕಾಬಿಕ್ಕಿಯಾಗುತ್ತಾನೆ. ಟೇಲರ್‌ನ ಸ್ಯಾಂಡಲ್‌ವುಡ್ ಕ್ರೀಮಿನಲ್ಲಿ ಮೂಗಿಗೆ ಮೊದಲು ಬಡಿಯುವುದು ಲ್ಯಾವೆಂಡರ್, ರೋಸ್‌ಮೇರಿ, ಜೆರೇನಿಯಂ. ಗಂಧದ ಛಾಯೆ ಬಹಳ ಕೆಳಗಿದೆ. ಪರಿಮಳವಾಗಿ ಅದು ಸೊಗಸಾದದ್ದೇ. ಆದರೆ ಅದನ್ನು ನಮ್ಮ ಗಂಧವೆಂದು ನಿರೀಕ್ಷಿಸಿ ಕೊಂಡವರಿಗೆ ನಿರಾಸೆ.

ಕಾರಣ ಇದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸೀಮೆಯ ಗಂಧದ ಕೊರಡು ಹಡಗೇರಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದು ದಾರಿ ಮುಚ್ಚಿದಾಗ ಕೊರಡು ಇಲ್ಲೇ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಇಲ್ಲಿಯೇ ಎಣ್ಣೆ ಬಟ್ಟಿ ಇಳಿಸುವ ಕೆಲಸ ಶುರು ಮಾಡಿಸಿದರು. ಅದರ ಬೆನ್ನಿಗೆ ಹುಟ್ಟಿದ್ದೇ ಬೆಂಗಳೂರಿನ ಸರ್ಕಾರಿ ಸೋಪು ಕಾರ್ಖಾನೆ, ಮೈಸೂರ್ ಸ್ಯಾಂಡಲ್ ಸೋಪು. ಆ ಎಣ್ಣೆ ಮುಂದೆ ಜಗತ್ತಿನ ಸುಗಂಧಗಾರರಿಗೆಲ್ಲ ‘ಮೈಸೂರು’ ಎಂಬ ಒಂದೇ ಪದದಿಂದ ಅರ್ಥವಾಗುವಂತಾಯಿತು. ಮರ ಮಾತ್ರ ಕಡಿಮೆಯಾಗುತ್ತ ಬಂತು. ಇವತ್ತು ನಮ್ಮದೇ ಜಾತಿಯ ಗಂಧದ ಮರವನ್ನು ಪಶ್ಚಿಮ ಆಸ್ಟ್ರೇಲಿಯಾದ ಕುನುನರ್ರಾ ಸುತ್ತ ತೋಟವಾಗಿ ಬೆಳೆಯುತ್ತಾರೆ. ತೊಳೆದುಹೋಗುವ ಸೋಪಿಗೆ ಅಷ್ಟು ಬೆಲೆಯ ಎಣ್ಣೆ ಸುರಿಯುವವರು ವಿರಳ; ಜವನಾಲ್, ಸ್ಯಾಂಡಲೋರ್‌ನಂಥ ಪ್ರಯೋಗಾಲಯದ ಅಣುಗಳೇ ಬಹುಮಟ್ಟಿಗೆ ಆ ಕೆಲಸ ಮಾಡುತ್ತವೆ. ನಿಜವಾದ ಗಂಧದೆಣ್ಣೆ ಇದ್ದರೆ ಘಟಕಗಳ ಪಟ್ಟಿಯಲ್ಲಿ ‘ಸ್ಯಾಂಟಲಂ ಆಲ್ಬಂ’ ಎಂಬ ಸಸ್ಯದ ಹೆಸರು ಸಾಮಾನ್ಯವಾಗಿ ಕಾಣುತ್ತದೆ. ಬರೀ ‘ಪರ್ಫ್ಯೂಮ್’ ಎಂದಿದ್ದರೆ ಗಂಧದ ಹೆಸರಿಗಾಗಿ ಹೆಚ್ಚು ದುಡ್ಡು ಕೊಡಬೇಡಿ. ಗಂಧವೇ ಬೇಕೆಂದರೆ ಪರಿಮಳವಿಲ್ಲದ ಕ್ರೀಮಿನಲ್ಲಿ ಕ್ಷೌರ ಮಾಡಿಕೊಂಡು, ಆಮೇಲೆ ಶುದ್ಧ ಗಂಧದೆಣ್ಣೆಯ ಒಂದು ಹನಿಯನ್ನು ಮಣಿಕಟ್ಟಿಗೆ ಹಚ್ಚಿಕೊಳ್ಳಿ. ದಿನವಿಡೀ ಜೊತೆಗಿರುತ್ತದೆ.

ಸಸ್ಯಾಹಾರಿಗಳು ಒಂದು ಹೆಸರು ಗಮನದಲ್ಲಿಡಬೇಕು: ಟ್ಯಾಲೋ. ‘ಸೋಡಿಯಂ ಟ್ಯಾಲೋವೇಟ್’, ‘ಪೊಟ್ಯಾಸಿಯಂ ಟ್ಯಾಲೋವೇಟ್’ ಎಂದಿದ್ದರೆ ಅದು ದನ ಅಥವಾ ಕುರಿಯ ಕೊಬ್ಬು. ಈ ಕೊಬ್ಬಿನ ನೊರೆ ದಟ್ಟ, ಜಾರು, ಕೆನ್ನೆಗೆ ಹಿತ ಎಂದು ಹೊಗಳುವವರು ಬಹಳ. ಹಳೆಯ ಯುರೋಪಿನ ಸೋಪುಗಳು ಹೆಚ್ಚಾಗಿ ಹಾಗೇ ಇದ್ದವು. ಮಿಚೆಲ್ಸ್‌ನಲ್ಲಿ ಅದು ಇದೆ, ಟರ್ಕಿಯ ಅಗ್ಗದ ಅರ್ಕೊ ಕಡ್ಡಿಯಲ್ಲಿಯೂ ಇದೆ. ಜರ್ಮನಿಯ ಟಬಾಕ್ ಸೋಪು ಕೆಲವು ವರ್ಷಗಳ ಹಿಂದೆ ಅದನ್ನು ಬಿಟ್ಟು ಸಸ್ಯಮೂಲಕ್ಕೆ ಬಂತು. ಇಲ್ಲಿ ಇನ್ನೊಂದು ಸೂಕ್ಷ್ಮ: ಸ್ಟಿಯರಿಕ್ ಆಮ್ಲ ತಾಳೆಎಣ್ಣೆಯಿಂದಲೂ ಬರುತ್ತದೆ, ಪ್ರಾಣಿಕೊಬ್ಬಿನಿಂದಲೂ ಬರುತ್ತದೆ. ಪಟ್ಟಿಯಲ್ಲಿ ಆ ಭೇದ ಕಾಣುವುದಿಲ್ಲ. ನಿಮಗೆ ಇದು ಮುಖ್ಯವಾದರೆ ‘ವೀಗನ್’ ಎಂದು ಸ್ಪಷ್ಟವಾಗಿ ಬರೆದದ್ದನ್ನೇ ಕೊಳ್ಳಿ. ಬ್ರಷ್ಷಿನ ವಿಷಯದಲ್ಲೂ ಅಷ್ಟೇ: ಬ್ಯಾಜರ್, ಹಂದಿ, ಕುದುರೆ ಕೂದಲು ಬೇಡವಾದರೆ ಸಿಂಥೆಟಿಕ್ ಎಳೆಯವು ಈಗ ಬಹಳ ಚೆನ್ನಾಗಿವೆ. ಬೇಗ ಒಣಗುತ್ತವೆ, ನಮ್ಮ ಮಳೆಗಾಲಕ್ಕೆ ಅದೇ ದೊಡ್ಡ ಅನುಕೂಲ.

ಸುಗಂಧಕ್ಕೆ ಕೆರಳುವ ಚರ್ಮದವರು ಪಟ್ಟಿಯ ತುದಿಯಲ್ಲಿ ಲಿಮೋನೀನ್, ಲಿನಲೂಲ್, ಸಿಟ್ರಾಲ್, ಜೆರೇನಿಯಾಲ್, ಯೂಜಿನಾಲ್ ಇವೆಯೇ ನೋಡಬೇಕು. ತೊಳೆದುಹಾಕುವ ವಸ್ತುವಿನಲ್ಲಿ ಇಂಥವು ಶೇಕಡ 0.01 ಮೀರಿದರೆ ಹೆಸರು ನಮೂದಿಸಲೇಬೇಕು ಎಂಬುದು ಯುರೋಪಿನ ನಿಯಮ. ಅನುಮಾನವಿದ್ದರೆ ಮೊಣಕೈಯ ಒಳಬದಿಗೆ ನೊರೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆದು, ಒಂದು ದಿನ ಕಾಯಿರಿ.

ಎಂಥ ಸೋಪಾದರೂ ಹದ ತಪ್ಪಿದರೆ ಕೆಟ್ಟಿತು. ಬಿಲ್ಲೆಯ ಮೇಲೆ ಒಂದು ಚಮಚ ಬೆಚ್ಚಗಿನ ನೀರು ಹಾಕಿ ಸ್ನಾನ ಮುಗಿಸಿ ಬನ್ನಿ. ಆ ನೀರನ್ನು ಚೆಲ್ಲದೆ ಕೆನ್ನೆಗೆ ಸವರಿಕೊಳ್ಳಿ. ಬ್ರಷ್ಷನ್ನು ನೆನೆಸಿ, ಹಿಂಡಿ, ಬಿಲ್ಲೆಯ ಮೇಲೆ ಅರ್ಧ ನಿಮಿಷ ತಿರುವಿ. ಮೊದಲು ದೊಡ್ಡ ಗುಳ್ಳೆ ಏಳುತ್ತದೆ, ಅದಕ್ಕೆ ಮೋಸಹೋಗಬೇಡಿ. ತಿರುವುತ್ತ ಹೋದಂತೆ ಗುಳ್ಳೆ ಅಡಗಿ, ಬ್ರಷ್ಷಿನ ತುದಿಗೆ ಇಡ್ಲಿ ಹಿಟ್ಟಿನಂಥ ಮಂದ ಅಂಟು ಹತ್ತುತ್ತದೆ. ಅದನ್ನು ನೇರ ಕೆನ್ನೆಗೆ ಒಯ್ದು, ಬ್ರಷ್ಷಿನ ತುದಿಯನ್ನು ನೀರಿಗೆ ತಾಗಿಸಿ ತಾಗಿಸಿ, ಎರಡೆರಡೇ ಹನಿ ಸೇರಿಸುತ್ತ ತಿರುವಿ. ಹೆಚ್ಚಿನವರು ತಪ್ಪುವುದು ಇಲ್ಲೇ. ನೊರೆ ಎದ್ದು ನಿಂತಿತೆಂದು ನೀರು ನಿಲ್ಲಿಸಿಬಿಡುತ್ತಾರೆ. ಆ ನೊರೆ ನೋಡಲು ಚೆಂದ, ಒಳಗೆ ಒಣ. ಇನ್ನೂ ನಾಲ್ಕು ಹನಿ ಹೋದ ಮೇಲೆ ಅದರ ಮುಖಕ್ಕೆ ಹೊಳಪು ಬರುತ್ತದೆ, ಕಡೆದ ಮೊಸರಿನ ಮೇಲಿನ ಹೊಳಪು. ಬೆರಳ ನಡುವೆ ತಿಕ್ಕಿದರೆ ಎಳ್ಳಷ್ಟೂ ತಡೆಯದೆ ಜಾರುತ್ತದೆ. ಹದ ಅದು. ಕ್ರೀಮಾದರೆ ಒಂದು ಬಾದಾಮಿಯಷ್ಟು ತೆಗೆದುಕೊಂಡರೆ ಸಾಕು, ಉಳಿದದ್ದೆಲ್ಲ ಹೀಗೇ.

ಸೋಪಿನ ನಿಜವಾದ ತೀರ್ಪು ಸಿಗುವುದು ತೊಳೆದ ಒಂದು ಗಂಟೆಯ ಬಳಿಕ. ಸೋಪಿನ ನೊರೆ ಕ್ಷಾರೀಯ, ಚರ್ಮ ತುಸು ಆಮ್ಲೀಯ. ಕೆನ್ನೆ ಬಿಗಿದು ಚಕ್ಕೆಯಂತಾಗಿದ್ದರೆ ಆ ಸೋಪು ನಿಮಗಲ್ಲ, ಎಷ್ಟೇ ದೊಡ್ಡ ಹೆಸರಿರಲಿ. ಪಟಿಕ ಸವರುವ ನಮ್ಮ ಕ್ಷೌರಿಕರ ಪದ್ಧತಿ ಒಳ್ಳೆಯದೇ, ಆದರೆ ಅದು ಇನ್ನಷ್ಟು ಒಣಗಿಸುತ್ತದೆ. ಒಣ ಚರ್ಮದವರು ತಣ್ಣೀರಿಗೆ ನಿಲ್ಲಿಸಿ.

ಖರ್ಚಿನ ಲೆಕ್ಕ ಹೆದರಿಸುವಷ್ಟಿಲ್ಲ. 150 ಗ್ರಾಂ ಕ್ರೀಮಿನ ಡಬ್ಬಕ್ಕೆ ಒಂದು ಸಲಕ್ಕೆ ಒಂದೂವರೆ ಗ್ರಾಂ ಹಿಡಿದರೂ 100 ಕ್ಷೌರ. ವಾರಕ್ಕೆ ನಾಲ್ಕು ಸಲ ಎಂದರೆ ಆರು ತಿಂಗಳು. ಡಬ್ಬಕ್ಕೆ 3,000 ರೂಪಾಯಿ ಕೊಟ್ಟಿದ್ದರೆ ಸಲಕ್ಕೆ 30 ರೂಪಾಯಿ ಬಿತ್ತು. ಅರೆದ ಗಟ್ಟಿ ಬಿಲ್ಲೆ ಅದಕ್ಕಿಂತ ನಿಧಾನ ಸವೆಯುತ್ತದೆ. ಆದರೂ ಮೊದಲ ಸಲವೇ ದೊಡ್ಡ ಡಬ್ಬಕ್ಕೆ ಕೈ ಹಾಕಬೇಡಿ; ಟೇಲರ್, ಟ್ರೂಫಿಟ್ ಇಬ್ಬರೂ ಚಿಕ್ಕ ಅಳತೆಯ ಟ್ಯೂಬು ಮಾರುತ್ತಾರೆ. ವಿದೇಶದಿಂದ ಬರುವ ನೆಂಟರಿಗೆ ಹೇಳಿ ತರಿಸುವುದಾದರೆ, ಗಟ್ಟಿ ಬಿಲ್ಲೆ ಕೈಚೀಲದಲ್ಲೇ ಬರಬಹುದು, ಕ್ರೀಮನ್ನು ಮಾತ್ರ ಚೆಕ್-ಇನ್ ಚೀಲಕ್ಕೆ ಹಾಕಲು ನೆನಪಿಸಿ. 100 ಮಿಲಿ ಮೀರಿದ ಕ್ರೀಮು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಉಳಿದುಹೋದದ್ದು ನನಗೆ ಗೊತ್ತು.

ಬಳಸಿದ ಬಿಲ್ಲೆಗೆ ಆಗಲೇ ಮುಚ್ಚಳ ಹಾಕಬೇಡಿ. ಜೋರು ಮಳೆಯ ಆಷಾಢದಲ್ಲಿ ಮರದ ಬಟ್ಟಲು ಬೇಗ ಬೂಸ್ಟು ಹಿಡಿದು, ಬಿರುಕು ಬಿಡುತ್ತದೆ. ಕರಾವಳಿ, ಮಲೆನಾಡಿನವರಿಗೆ ಪಿಂಗಾಣಿ ಬಟ್ಟಲೇ ಲೇಸು. ಕ್ರೀಮಿನ ಡಬ್ಬಕ್ಕೆ ಒದ್ದೆ ಬೆರಳು ಹಾಕದೆ ಒಣ ಚಮಚದ ಹಿಡಿಯಿಂದ ತೆಗೆಯಿರಿ. ಬ್ರಷ್ಷನ್ನು ಚೆನ್ನಾಗಿ ತೊಳೆದು, ಕೊಡವಿ, ಟವೆಲ್ಲಿಗೆ ಒತ್ತಿ, ಬಚ್ಚಲಿನಿಂದ ಆಚೆ ಗಾಳಿಯಾಡುವ ಕಿಟಕಿಯಲ್ಲಿಡಿ. ನಮ್ಮ ಮನೆಯಲ್ಲಿ ಅದರ ಜಾಗ ಅಡುಗೆಮನೆಯ ಕಿಟಕಿ, ಆರ್‌ಓ ನೀರಿನ ಲೋಟದ ಪಕ್ಕ.